ಮಗುವಿಗೆ 19 ದಿನ: ಸರಿಯಾಗಿ ಕುಡಿಯಲ್ಲ, ರಾತ್ರಿ ಮಲಗಲ್ಲ. ಮೊದಲು ಯಾವುದನ್ನು ಸರಿಮಾಡಬೇಕು?

@ತುಂಗಾತೀರ

ಹೆಣ್ಣು ಮಗು. 37 ವಾರಕ್ಕೆ ಸಿಸೇರಿಯನ್. ಹುಟ್ಟಿದಾಗ 2.74 ಕೆ.ಜಿ., 4ನೇ ದಿನ ಮನೆಗೆ ಬರುವಾಗ 2.52, ನಿನ್ನೆ, ಅಂದರೆ 18ನೇ ದಿನ, ಅದೇ ಆಸ್ಪತ್ರೆಯ ಡಿಜಿಟಲ್ ತಕ್ಕಡಿಯಲ್ಲಿ 2.66.

ಮೊಲೆಗೆ ಹಾಕಿದ ಐದು ನಿಮಿಷಕ್ಕೇ ನಿದ್ದೆ ಹೋಗುತ್ತೆ. ಸಂಜೆ ಏಳರಿಂದ ರಾತ್ರಿ ಒಂದು, ಎರಡರವರೆಗೆ ಅಳು. ಕೆಳಗೆ ಮಲಗಿಸಿದ ಕೂಡಲೇ ಎಚ್ಚರ. ಬೆಳಿಗ್ಗೆ ಎಣ್ಣೆನೀರು ಹಾಕಿದ ಮೇಲೆ ಮಾತ್ರ ನಾಲ್ಕೈದು ಗಂಟೆ ಒಂದೇ ಸಮ ಮಲಗುತ್ತೆ. ಉಚ್ಚೆ ದಿನಕ್ಕೆ 4ರಿಂದ 5 ಸಲ, ಕಕ್ಕ ಎರಡು ದಿನಕ್ಕೊಮ್ಮೆ. ಹೆಂಡತಿಗೆ ಎರಡೂ ಮೊಲೆತೊಟ್ಟು ಬಿರಿದು ಉರಿ.

ಮನೆಯಲ್ಲಿ ಒಬ್ಬರು ಜಾಯಿಕಾಯಿ ತೇಯ್ದು ನೆಕ್ಕಿಸಿ ಅಂತಾರೆ, ಇನ್ನೊಬ್ಬರು ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಶುರುಮಾಡಿ ಅಂತಾರೆ. ನಿದ್ದೆಯದು ಮೊದಲೋ, ಹಾಲಿನದು ಮೊದಲೋ?

@ಮಕ್ಕಳವಾರ್ಡು

ಬೇರೆ ಮಾತಿಗೆ ಮುಂಚೆ ಇಷ್ಟನ್ನು ನೋಡಿ. ಇದರಲ್ಲಿ ಒಂದು ಕಂಡರೂ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108. ಸತತ ಎರಡು ಸಲ ಮೊಲೆ ಬಾಯಿಗೇ ಹಾಕದಿರುವುದು. ಬಟ್ಟೆ ಬಿಚ್ಚಿ ಅಂಗಾಲು ತಟ್ಟಿದರೂ ಏಳದ ಮಂಪರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 37.5 ಡಿಗ್ರಿ ಸೆಲ್ಸಿಯಸ್ (99.5 ಫ್ಯಾರನ್‌ಹೀಟ್) ಅಥವಾ ಹೆಚ್ಚು, ಇಲ್ಲವೇ 35.5ಕ್ಕಿಂತ ಕಡಿಮೆ. ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು. ಇದನ್ನು ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು, 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಎಳೆಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಉಸಿರೆಳೆಯುವಾಗ ಪಕ್ಕೆ ಒಳಗೆ ಸೇದುವುದು. ಹಸಿರು ವಾಂತಿ. ಸೆಳೆತ. ಎಂಟು ಗಂಟೆ ಉಚ್ಚೆಯೇ ಇಲ್ಲದಿರುವುದು.

ಇನ್ನೊಂದು. ಕಣ್ಣು ಅಥವಾ ಮೈ ಇನ್ನೂ ಹಳದಿ ಇದೆಯಾ? ಎರಡು ವಾರ ದಾಟಿದ ಮೇಲೂ ಹಳದಿ ಉಳಿದಿದ್ದರೆ ರಕ್ತಪರೀಕ್ಷೆ ಆಗಲೇಬೇಕು. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತೆ ಅಂತ ಕಾಯುವ ಹಂತ ಅದಲ್ಲ. ಕಕ್ಕದ ಬಣ್ಣ ಸುಣ್ಣದಂತೆ ಬಿಳಿಚಿದ್ದರೆ ಅವತ್ತೇ ತೋರಿಸಿ. ಪಿತ್ತನಾಳ ಕಟ್ಟಿಕೊಂಡಿರುವ ಸಾಧ್ಯತೆ ಇರುತ್ತೆ, ಅದರ ಶಸ್ತ್ರಚಿಕಿತ್ಸೆಗೆ ಪ್ರತಿ ವಾರವೂ ಬೆಲೆಯುಳ್ಳದ್ದು.

@ತುಂಗಾತೀರ

ಹಳದಿ ಇಲ್ಲ. ಕಕ್ಕ ಹಳದಿ ಬಣ್ಣ. ಜ್ವರ ಇಲ್ಲ, ಉಸಿರು 44. ಎಬ್ಬಿಸಿದರೆ ಏಳುತ್ತೆ, ಅಳು ಜೋರಾಗಿದೆ.

@ಎದೆಹಾಲು_ಸಖಿ

ಹಾಗಾದರೆ ಹಾಲಿನದೇ ಮೊದಲು. ನಿಮ್ಮ ಅಂಕಿಗಳೇ ಅದನ್ನು ಹೇಳುತ್ತಿವೆ.

ಮೊದಲ ಮೂರು ನಾಲ್ಕು ದಿನ ಮಗುವಿನ ತೂಕ ಇಳಿಯುವುದು ಸಹಜ. ನಿಮ್ಮದು 220 ಗ್ರಾಂ ಇಳಿದಿದೆ, ಅಂದರೆ ಶೇ. 8. ಶೇ. 7 ದಾಟಿದರೆ ಹಾಲು ಕುಡಿಯುವುದನ್ನು ಒಬ್ಬರು ಕೂತು ನೋಡಬೇಕು, ಶೇ. 10 ದಾಟಿದರೆ ವೈದ್ಯರೇ ನೋಡಬೇಕು. ಇಳಿದದ್ದು 10ರಿಂದ 14 ದಿನದೊಳಗೆ ವಾಪಸ್ ಬರಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ನಿಮ್ಮ ಮಗು 14 ದಿನದಲ್ಲಿ 140 ಗ್ರಾಂ ಏರಿದೆ, ದಿನಕ್ಕೆ ಹತ್ತೇ ಗ್ರಾಂ. ಹುಟ್ಟಿದ ತೂಕವನ್ನು ಇನ್ನೂ ಮುಟ್ಟಿಲ್ಲ. ಐದನೇ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ 6 ಸಲ ಚೆನ್ನಾಗಿ ಒದ್ದೆಯಾಗಬೇಕು. ಒಂದು ತಿಂಗಳೊಳಗಿನ ಎದೆಹಾಲಿನ ಮಗು ದಿನಕ್ಕೆ ಮೂರು ನಾಲ್ಕು ಸಲ ಹಳದಿ ಕಕ್ಕ ಮಾಡುವುದು ಸಾಮಾನ್ಯ. ಆರು ವಾರ ಕಳೆದ ಮೇಲೆ ನಾಲ್ಕು ದಿನಕ್ಕೊಮ್ಮೆ ಆದರೂ ಚಿಂತೆಯಿಲ್ಲ, ಈಗ ಹಾಗಲ್ಲ.

ಐದು ನಿಮಿಷಕ್ಕೆ ನಿದ್ದೆ ಹೋಗುವುದು ಹೊಟ್ಟೆ ತುಂಬಿದ ನಿದ್ದೆ ಅಲ್ಲ. 37 ವಾರಕ್ಕೆ ಹುಟ್ಟಿದ ಮಕ್ಕಳಿಗೆ ದವಡೆಯ ಶಕ್ತಿ ಸ್ವಲ್ಪ ಕಡಿಮೆ. ಹಿಡಿತ ಮೇಲುಮೇಲೆ ಇದ್ದರೆ ಹಾಲು ಸರಿಯಾಗಿ ಬರುವುದಿಲ್ಲ, ದಣಿದು ಕಣ್ಣು ಮುಚ್ಚುತ್ತವೆ. ಹಗಲೆಲ್ಲ ಅರೆಹೊಟ್ಟೆ ಇದ್ದ ಮಗು ಸಂಜೆ ಆ ಲೆಕ್ಕ ತೀರಿಸಿಕೊಳ್ಳಲು ಹಟ ಹಿಡಿಯುತ್ತೆ. ಬಿರಿದ ತೊಟ್ಟೂ ಅದನ್ನೇ ಹೇಳುತ್ತಿದೆ. ಕುಡಿದು ಬಿಟ್ಟ ತೊಟ್ಟು ದುಂಡಗೆ ಇರಬೇಕು. ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ಬರೀ ತೊಟ್ಟನ್ನು ಕಚ್ಚಿ ಜಗಿದಿದೆ ಅಂತ ಅರ್ಥ.

ಹಿಡಿಸುವ ಕ್ರಮ. ಸಿಸೇರಿಯನ್ ಆದ್ದರಿಂದ ಮಗುವನ್ನು ಕಂಕುಳಡಿಯಲ್ಲಿ, ಕೊಡ ಎತ್ತಿಕೊಂಡ ಹಾಗೆ ಇಟ್ಟುಕೊಳ್ಳಲಿ: ಮಗುವಿನ ಕಾಲು ತಾಯಿಯ ಬೆನ್ನಿನ ಕಡೆ, ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಅಂಗೈ ಮಗುವಿನ ಬೆನ್ನಿಗೆ, ಹೆಬ್ಬೆರಳು ತೋರುಬೆರಳು ಕಿವಿಗಳ ಕೆಳಗೆ. ತಲೆಯ ಹಿಂಭಾಗ ಒತ್ತಬಾರದು, ಒತ್ತಿದರೆ ಮಗು ಹಿಂದಕ್ಕೆ ಬಾಗಿ ಒದ್ದಾಡುತ್ತೆ. ತೊಟ್ಟು ಬಾಯಿಯ ನೇರಕ್ಕಲ್ಲ, ಮೂಗಿನ ನೇರಕ್ಕೆ ಇರಲಿ. ಮೇಲ್ತುಟಿಗೆ ತೊಟ್ಟು ಸವರಿ ಕಾಯಿರಿ. ಆಕಳಿಸುವಷ್ಟು ಬಾಯಿ ತೆರೆದ ಗಳಿಗೆಯಲ್ಲಿ ಮಗುವನ್ನು ಮೊಲೆಗೆ ತನ್ನಿ, ಮೊಲೆಯನ್ನು ಮಗುವಿನತ್ತ ತಳ್ಳಬೇಡಿ. ಗದ್ದ ಮೊದಲು ತಾಗಬೇಕು.

ಸರಿಯಾಯಿತೇ ಅಂತ ತಿಳಿಯಲು ನಾಲ್ಕು ಗುರುತು: ಗದ್ದ ಮೊಲೆಗೆ ಅಂಟಿರಬೇಕು, ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲ ಕಪ್ಪುಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಮೊದಲ ಅರ್ಧ ನಿಮಿಷ ನೋವಾದರೆ ಪರವಾಗಿಲ್ಲ. ಆಮೇಲೂ ನೋವಿದ್ದರೆ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗೆ ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ಹಾಗೇ ಎಳೆದರೆ ತೊಟ್ಟು ಇನ್ನಷ್ಟು ಬಿರಿಯುತ್ತೆ.

@ಧಾರವಾಡ_ಕಡೆಯವಳು

ಸಖಿ ಅಕ್ಕ ಹೇಳಿದ್ದರ ಜೊತಿಗೆ ಒಂದು ಮಾತು. ಕೂಸು ಕುಡಿಯಾಕತ್ತದೋ, ಬರೇ ಚೀಪಾಕತ್ತದೋ ಅನ್ನೋದು ಗಂಟಲ ನೋಡಿದ್ರ ಗೊತ್ತಾಗ್ತದ. ಮೊದಲ ಚಟಚಟ ಸಣ್ಣಗ ಚೀಪತದ, ಹಾಲು ಇಳಿದ ಮ್ಯಾಲೆ ನಿಧಾನಕ್ಕ ಆಳವಾಗಿ ಎಳೀತದ, ಗದ್ದ ಕೆಳಗಿಳಿದು ಒಂದು ಕ್ಷಣ ನಿಂತು ಆಮ್ಯಾಲೆ ಗುಟುಕು. ಆ ನಿಲ್ಲೋದು ಎಷ್ಟು ಉದ್ದ, ಬಾಯಾಗ ಹಾಲು ಅಷ್ಟು. ಗಲ್ಲ ಒಳಗ ಗುಳಿ ಬೀಳಬಾರದು, ಚಟ್ ಚಟ್ ಸಪ್ಪಳ ಬರಬಾರದು.

ಗುಟುಕು ನಿಂತ ಕೂಡಲೇ ಮೊಲಿ ಒತ್ತಿ ಹಿಡೀರಿ. ಹೆಬ್ಬೆಟ್ಟು ಮ್ಯಾಲೆ, ನಾಕು ಬಳ್ಳು ಕೆಳಗ, ಕಪ್ಪುಭಾಗದಿಂದ ದೂರ, ಎದಿಗೂಡಿನ ಹತ್ತರ. ಒತ್ತಿ ಹಂಗೇ ಹಿಡಕೊಂಡಿರ್ರಿ, ಕೂಸು ಮತ್ತ ನುಂಗಾಕ ಶುರು ಮಾಡ್ತದ. ನುಂಗೋದು ನಿಂತ್ರ ಬಿಡ್ರಿ, ಜಾಗ ಬದಲಿಸಿ ಮತ್ತ ಒತ್ತರಿ. ಇದಕ್ಕೂ ಗುಟುಕು ಬರಲಿಲ್ಲಂದ್ರ ಆ ಕಡೆ ಬಿಡಿಸಿ, ತೇಗು ತೆಗಿಸಿ, ಲಂಗೋಟಿ ಬದಲಿಸಿ ಇನ್ನೊಂದು ಕಡೆ ಹಚ್ಚರಿ. ಕೂಸಿಗೆ ಟೊಪಗಿ, ಸ್ವೆಟರ್ ಹಾಕಿ ಸುತ್ತಿ ಹಾಲು ಕುಡಿಸಬ್ಯಾಡ್ರಿ, ಬೆಚ್ಚಗಾದ್ರ ಮಲಗೇ ಬಿಡ್ತದ. ಬರೇ ಲಂಗೋಟಿಯೊಳಗ ತಾಯಿ ಎದಿಗೆ ಹಚ್ಚಿ, ಬೆನ್ನ ಮ್ಯಾಲೆ ಒಂದು ಅರಿವಿ ಹೊದಿಸಿದ್ರ ಸಾಕು.

@ಎದೆಹಾಲು_ಸಖಿ

ಹೌದು, ಸರಿಯಾಗಿ ಹೇಳಿದಿರಿ. ತುಂಗಾತೀರ ಅವರೇ, ಹಿಡಿತ ಸರಿಹೋಗಲು ಮೂರು ನಾಲ್ಕು ದಿನ ಬೇಕು. ಅಲ್ಲಿಯವರೆಗೆ ಮಗುವನ್ನು ಅರೆಹೊಟ್ಟೆಯಲ್ಲಿ ಇಡುವ ಹಾಗಿಲ್ಲ.

2.66 ಕೆ.ಜಿ. ಮಗುವಿಗೆ ಕೆ.ಜಿ.ಗೆ 150 ಮಿ.ಲೀ. ಲೆಕ್ಕದಲ್ಲಿ ದಿನಕ್ಕೆ ಸುಮಾರು 400 ಮಿ.ಲೀ. ಬೇಕು. ಎಂಟು ಸಲಕ್ಕೆ ಹಂಚಿದರೆ ತಲಾ 50. ಮೊಲೆಯಿಂದ ಸ್ವಲ್ಪ ಹೋಗುತ್ತಿರುವುದರಿಂದ ಪ್ರತಿ ಸಲ ಮೊಲೆ ಬಿಟ್ಟ ಮೇಲೆ 20ರಿಂದ 30 ಮಿ.ಲೀ. ಹಿಂಡಿದ ಹಾಲು ಕೊಡಿ. ಈ ಅಳತೆಯನ್ನು ನಿಮ್ಮ ಮಕ್ಕಳ ವೈದ್ಯರಿಗೆ ಹೇಳಿ ಒಪ್ಪಿಸಿಕೊಳ್ಳಿ.

ಒಂದು ಸುತ್ತು ಹೀಗೆ: 20ರಿಂದ 25 ನಿಮಿಷ ಮೊಲೆ, ಮೇಲೆ ಹೇಳಿದಂತೆ ಒತ್ತುತ್ತ. ಆಮೇಲೆ ಮಗುವನ್ನು ನೀವು ತೆಗೆದುಕೊಂಡು ಹಾಲು ಕೊಡಿ, ಅಷ್ಟರಲ್ಲಿ ಅವರು ಎರಡೂ ಕಡೆ ಸೇರಿ 15 ನಿಮಿಷ ಹಿಂಡಲಿ. ಎಲ್ಲ ಒಂದು ಗಂಟೆಯೊಳಗೆ ಮುಗಿಯಬೇಕು. ಒಂದೂವರೆ ಗಂಟೆ ಎಳೆದರೆ ತಾಯಿಗೆ ನಿದ್ದೆಯೇ ಉಳಿಯದು, ಮೂರನೇ ದಿನಕ್ಕೆ ಎಲ್ಲವನ್ನೂ ಕೈಬಿಡುತ್ತಾರೆ. ಹಗಲು ಎರಡೂವರೆ ಗಂಟೆಗೊಮ್ಮೆ, ರಾತ್ರಿ ಮೂರು ಗಂಟೆಗೊಮ್ಮೆ ಎಬ್ಬಿಸಿ. ಲೆಕ್ಕ ಹಿಡಿಯುವುದು ಒಂದು ಸಲ ಕುಡಿಸಲು ಶುರುಮಾಡಿದ ಹೊತ್ತಿನಿಂದ, ಮುಗಿದ ಹೊತ್ತಿನಿಂದಲ್ಲ. ರಾತ್ರಿ ಒಂದರಿಂದ ಐದರ ನಡುವಿನ ಒಂದು ಸಲವನ್ನು ತಪ್ಪಿಸಬೇಡಿ. ಹಾಲು ಉಂಟುಮಾಡುವ ಪ್ರೊಲ್ಯಾಕ್ಟಿನ್ ಹಾರ್ಮೋನು ಆ ಹೊತ್ತಿನಲ್ಲಿ ಹೆಚ್ಚಿರುತ್ತೆ.

ಕೈಯಲ್ಲಿ ಹಿಂಡುವುದು: ತೊಟ್ಟಿನಿಂದ ಎರಡು ಬೆರಳಷ್ಟು, ಸುಮಾರು 3 ಸೆಂ.ಮೀ. ಹಿಂದೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನು ಹತ್ತಿರ ತಂದು ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಹಿಸುಕಬಾರದು. ಮೊದಲ ಒಂದೆರಡು ನಿಮಿಷ ಹನಿಯೂ ಬರದಿರಬಹುದು, ನಿಲ್ಲಿಸಬೇಡಿ. ಪಂಪು ಇದ್ದರೆ ಅದರ ಕೊಳವೆಯ ಅಳತೆ ನೋಡಿ. ತೊಟ್ಟು ಮಾತ್ರ ಒಳಗೆ ಆಡಬೇಕು, ಕಪ್ಪುಭಾಗವೆಲ್ಲ ಒಳಗೆ ಎಳೆದುಕೊಂಡು ಹೋದರೆ ಕೊಳವೆ ದೊಡ್ಡದಾಯಿತು.

ಬಿರುಕಿಗೆ ಹಿಂಡಿದ ಹಾಲನ್ನೇ ಸವರಿ ಆರಲು ಬಿಡಿ, ಅಥವಾ ಶುದ್ಧ ಲ್ಯಾನೊಲಿನ್ ಮುಲಾಮು ಹಚ್ಚಿ. ಪ್ರತಿ ಸಲ ಸೋಪು ಹಾಕಿ ತೊಳೆಯಬಾರದು. ಮೊಲೆ ಕಲ್ಲುಗಟ್ಟಿದ್ದರೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ, ಒಳಗಿನ ಬಾವು ಹೆಚ್ಚುತ್ತೆ. ಕುಡಿಸುವ ಮುಂಚೆ ಐದು ಬೆರಳ ತುದಿಯನ್ನು ತೊಟ್ಟಿನ ಸುತ್ತ ಇಟ್ಟು ಒಂದು ನಿಮಿಷ ಒಳಕ್ಕೆ ಒತ್ತಿದರೆ ಆ ಜಾಗ ಮೆದುವಾಗಿ ಮಗುವಿಗೆ ಹಿಡಿಯಲು ಸಿಗುತ್ತೆ. ಕುಡಿಸಿದ ಮೇಲೆ ತಣ್ಣೀರಿನ ಬಟ್ಟೆ. ಕೆಂಪಾಗಿ, ಚಳಿಜ್ವರ ಬಂದರೆ ವೈದ್ಯರಿಗೆ ತೋರಿಸಿ, ಆದರೆ ಆ ಕಡೆ ಕುಡಿಸುವುದನ್ನು ಬಿಡಬೇಡಿ.

@ತುಂಗಾತೀರ

ಹಿಂಡಿದ ಹಾಲನ್ನು ಬಾಟಲಿಯಲ್ಲಿ ಕೊಡೋದಾ? ಅತ್ತೆಯವರು ಒಳಲೆ, ಅಂದರೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ತೆಗೆದಿಟ್ಟಿದ್ದಾರೆ.

@ಮಕ್ಕಳವಾರ್ಡು

ಒಳಲೆ ಬಹಳ ಒಳ್ಳೆಯದು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ದಕ್ಷಿಣ ಭಾರತದ ಎಷ್ಟೋ ಆಸ್ಪತ್ರೆಗಳಲ್ಲಿ ಕೊಡುವುದು ಅದರಲ್ಲೇ. ಮೊಲೆ ಹಿಡಿಯಲು ಇನ್ನೂ ಕಲಿಯುತ್ತಿರುವ ಮಗುವಿಗೆ ಬಾಟಲಿಯ ಸಲೀಸು ಹರಿವು ರೂಢಿಯಾಗುವ ತೊಂದರೆ ಇದರಲ್ಲಿ ಇಲ್ಲ. ಆದರೆ ಒಳಲೆ ಹಿಡಿಯುವ ಹಳೆಯ ಕ್ರಮವೊಂದಿದೆ: ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಕೈ ಅದುಮಿ, ಅಳುವ ಬಾಯಿಗೆ ಸುರಿಯುವುದು. ಅದು ಬೇಡವೇ ಬೇಡ. ಅಳುವಾಗ ಉಸಿರಿನ ದಾರಿ ತೆರೆದಿರುತ್ತೆ, ಹಾಲು ಶ್ವಾಸಕೋಶಕ್ಕೆ ಹೋಗುತ್ತೆ.

ಮಗು ಎಚ್ಚರ ಇರಬೇಕು. ಕೈಗಳನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ತಲೆಗೆ ಆಸರೆ ಕೊಟ್ಟು, ಹೆಚ್ಚುಕಡಿಮೆ ಕೂತ ಹಾಗೆ ಎತ್ತಿಕೊಳ್ಳಿ. ಒಳಲೆಯಲ್ಲಿ ಅರ್ಧದಷ್ಟು ಮಾತ್ರ ಹಾಲು. ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಮೂಲೆಗೆ ತಾಗಿಸಿ, ಹಾಲು ತುದಿಗೆ ಬರುವಷ್ಟು ಬಾಗಿಸಿ ತಡೆಯಿರಿ. ಮಗು ನಾಲಿಗೆ ಚಾಚಿ ನೆಕ್ಕುತ್ತೆ ಅಥವಾ ಹೀರುತ್ತೆ. ಒಂದು ಸಣ್ಣ ಗುಟುಕು, ನುಂಗಿದ್ದು ಕಂಡ ಮೇಲೆ ಇನ್ನೊಂದು. ಹುಬ್ಬು ಗಂಟಿಕ್ಕುವುದು, ಬೆರಳು ಅಗಲಿಸುವುದು, ಬಾಯಿಂದ ಹಾಲು ಸೋರುವುದು, ಇವೆಲ್ಲ ವೇಗ ಹೆಚ್ಚಾಯಿತು ಅನ್ನುವ ಸೂಚನೆ. 30 ಮಿ.ಲೀ.ಗೆ 15 ನಿಮಿಷ ಹಿಡಿದರೂ ಆತುರ ಬೇಡ. ಕೆಮ್ಮಿದರೆ ನಿಲ್ಲಿಸಿ ನೇರ ಕೂರಿಸಿ. ತುಟಿ ನೀಲಿಯಾದರೆ ಆಸ್ಪತ್ರೆ.

ಒಳಲೆಯ ಮೂತಿಯೊಳಗೆ ಹಾಲಿನ ಪಸೆ ಉಳಿಯುವುದೇ ಭೇದಿಗೆ ಮೂಲ. ಸಣ್ಣ ಬ್ರಷ್ಷಿನಿಂದ ಸೋಪುನೀರಲ್ಲಿ ತಿಕ್ಕಿ, ಪೂರ್ತಿ ಮುಳುಗುವಷ್ಟು ನೀರಲ್ಲಿ 10 ನಿಮಿಷ ಕುದಿಸಿ. ಬೆಳ್ಳಿಯದಾದರೂ ಸ್ಟೀಲಿನದಾದರೂ ಅಷ್ಟೇ. ಒರೆಸಬೇಡಿ, ಬೋರಲು ಹಾಕಿ ಒಣಗಲು ಬಿಡಿ.

@ಡಬ್ಲಿನ್_ಕನ್ನಡತಿ

ಬಾಟಲಿ ಅಂದರೆ ಪಾಪ ಅನ್ನುವ ಹಾಗೆ ಯಾರೂ ಹೆದರಿಸದಿರಲಿ. ರಾತ್ರಿ ಎರಡು ಗಂಟೆಗೆ ಒಬ್ಬರೇ ಇರುವವರಿಗೆ ಒಳಲೆ ಕಷ್ಟವಾಗಬಹುದು. ಆಗ ಅತಿ ನಿಧಾನ ಹರಿವಿನ ನಿಪ್ಪಲ್ ಹಾಕಿ, ಮಗುವನ್ನು ಕೂರಿಸಿದ ಹಾಗೆ ಹಿಡಿದು, ಬಾಟಲಿಯನ್ನು ನೆಲಕ್ಕೆ ಸಮಾನವಾಗಿ ಇಡಿ. ಐದಾರು ಗುಟುಕಿಗೊಮ್ಮೆ ಬಾಟಲಿ ಕೆಳಗೆ ಬಾಗಿಸಿ ಉಸಿರಾಡಲು ಬಿಡಿ. ಖಾಲಿ ಮಾಡಿಸಲೇಬೇಕು ಅಂತ ಹಟ ಬೇಡ.

ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತೆ, ಬಾಗಿಲ ಹಲಗೆಯಲ್ಲಿ ಇಡಬೇಡಿ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗಿಡುವ ಲೆಕ್ಕವೇ ಬೇಡ, ಹಿಂಡಿದ ಕೂಡಲೇ ಫ್ರಿಜ್ಜಿಗೆ. ಬಿಸಿ ಮಾಡುವಾಗ ಬಿಸಿನೀರಿನ ಬಟ್ಟಲಲ್ಲಿ ಲೋಟ ಇಟ್ಟರೆ ಸಾಕು, ಒಲೆಯ ಮೇಲೂ ಮೈಕ್ರೋವೇವಿನಲ್ಲೂ ಬೇಡ.

ಹಿಂಡಿದ್ದು ಸಾಲದೆ ವೈದ್ಯರು ಡಬ್ಬಿ ಹಾಲು ಬರೆದುಕೊಟ್ಟರೆ, ಅಳತೆ ಅಂದರೆ ಅಳತೆ. ಹೆಚ್ಚಿನವಕ್ಕೆ 30 ಮಿ.ಲೀ. ನೀರಿಗೆ ಒಂದು ಸಪಾಟು ಚಮಚ, ಅದೇ ಡಬ್ಬಿಯ ಚಮಚ, ಆದರೂ ನಿಮ್ಮ ಡಬ್ಬಿ ಓದಿ. ಮೊದಲು ನೀರು, ಆಮೇಲೆ ಪುಡಿ. ಪುಡಿ ಪೂರ್ತಿ ರೋಗಾಣುಮುಕ್ತವಲ್ಲದ ಕಾರಣ ಕುದಿಸಿ ಅರ್ಧ ಗಂಟೆ ಮೀರದ, 70 ಡಿಗ್ರಿಗೆ ಕಡಿಮೆಯಾಗದ ನೀರಲ್ಲಿ ಕಲಸಿ, ಆಮೇಲೆ ಪಾತ್ರೆಯನ್ನು ತಣ್ಣೀರಲ್ಲಿ ಇಟ್ಟು ಆರಿಸಬೇಕು. ನೀರು ಹೆಚ್ಚು ಹಾಕಿದರೆ ಮಗು ಸೊರಗುತ್ತೆ, ಪುಡಿ ಹೆಚ್ಚಾದರೆ ಮೂತ್ರಪಿಂಡಕ್ಕೆ ಹೊರೆ. ಎರಡು ಗಂಟೆ ಕಳೆದದ್ದನ್ನು ಚೆಲ್ಲಿ. ನೀರು ಬೆರೆಸಿದ ಹಸುವಿನ ಹಾಲು ಈ ವಯಸ್ಸಿಗೆ ಬೇಡ. ಯಾವ ಬ್ರ್ಯಾಂಡು ಅಂತ ಅಂಗಡಿಯವರನ್ನು ಕೇಳಬೇಡಿ. ಶಿಶು ಹಾಲಿನ ಪುಡಿ, ಬಾಟಲಿಗಳ ಪ್ರಚಾರವನ್ನು ಭಾರತದಲ್ಲಿ 1992ರ ಕಾಯ್ದೆ ನಿಷೇಧಿಸಿದೆ, ಅದಕ್ಕೆ ಕಾರಣ ಇದೆ.

@ಅರಳೀಕಟ್ಟೆ

ಬಾಣಂತನದ ಕ್ರಮಗಳನ್ನೆಲ್ಲ ಬೇಡ ಅಂದರೆ ಹೇಗೆ? ಎಣ್ಣೆ ನೀವಿ ನೀರು ಹಾಕಿದರೆ ಮಗು ಮೈಮರೆತು ಮಲಗುತ್ತೆ, ಮಲಗಿದ ಮಗು ಬೆಳೆಯುತ್ತೆ. ಬಜೆ, ಜಾಯಿಕಾಯಿ ತಲೆತಲಾಂತರದಿಂದ ಬಂದದ್ದು.

@ನಿದ್ದೆಗಣ್ಣು

ಎಣ್ಣೆ ನೀವುವುದು ಒಳ್ಳೆಯದೇ, ಯಾರೂ ಬೇಡ ಅನ್ನುತ್ತಿಲ್ಲ ಅರಳೀಕಟ್ಟೆಯವರೇ. ಮೆಲ್ಲಗೆ ನೀವಿದರೆ ಮಗುವಿಗೂ ಹಿತ. ಈ ಮಗುವಿನ ಸಮಸ್ಯೆ ಬೇರೆ. ನೀರಿಗೆ ಮುಂಚೆ ಅರ್ಧ ಗಂಟೆ, ನೀರು ಒಂದಿಷ್ಟು ಹೊತ್ತು, ಆಮೇಲೆ ಐದು ಗಂಟೆ ನಿದ್ದೆ. ಆರು ಗಂಟೆ ಹಾಲಿಲ್ಲದೆ ಕಳೆಯಿತು, ಅಂದರೆ ಎರಡು ಸಲದ ಹಾಲು ದಿನವೂ ತಪ್ಪುತ್ತಿದೆ. ತೂಕ ಏರದಿರಲು ಅದೊಂದೇ ಸಾಕು. ನೀರು ಐದು ನಿಮಿಷದಲ್ಲಿ ಮುಗಿಸಿ, ಮೈ ಒರೆಸಿದ ಕೂಡಲೇ ಮೊಲೆಗೆ ಹಾಕಿ, ಮೂರು ಗಂಟೆಗೆ ಎಬ್ಬಿಸಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ, ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತೆ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇಡಲೇಬಾರದು. ಅದರ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಾಯಿ ಮಗು ಇಬ್ಬರ ಜೀವವನ್ನೂ ತೆಗೆಯುತ್ತೆ.

ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಅನ್ನುವ, ಮಿದುಳಿನ ಮೇಲೆ ಕೆಲಸ ಮಾಡುವ ವಸ್ತು ಇದೆ. ತೇಯುವ ಕಲ್ಲಿನ ಮೇಲೆ ಅದರ ಪ್ರಮಾಣ ಯಾರಿಗೂ ತಿಳಿಯದು. ಹಸಿವಿನಿಂದ ಅಳುವ ಮಗುವನ್ನು ಮಂಪರಿಗೆ ತಳ್ಳಿದರೆ ಇರುವ ಒಂದೇ ಸೂಚನೆಯೂ ಹೋಯಿತು. ಜೇನುತುಪ್ಪ ಒಂದು ವರ್ಷದವರೆಗೆ ನೆಕ್ಕಿಸಲೂ ಬಾರದು, ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಅದರಲ್ಲಿ ಇರಬಹುದು. ಗ್ರೈಪ್ ವಾಟರ್, ಸಕ್ಕರೆ ನೀರು, ಕಾಯಿಸಿದ ನೀರು ಯಾವುದೂ ಆರು ತಿಂಗಳವರೆಗೆ ಬೇಡ. ಪುಟ್ಟ ಹೊಟ್ಟೆಯಲ್ಲಿ ಅವು ಹಾಲಿನ ಜಾಗ ಹಿಡಿಯುತ್ತವೆ.

ಈಗ ನಿದ್ದೆ. ಹೊಸ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತೆ, ಆದರೆ ತುಂಡುತುಂಡಾಗಿ. ಒಂದು ಸುತ್ತು ಸುಮಾರು 50 ನಿಮಿಷ, ಅದರಲ್ಲಿ ಅರ್ಧ ಚಂಚಲ ನಿದ್ದೆ. ಆಗ ಮುಖ ಸಿಂಡರಿಸುತ್ತೆ, ಮುಲುಗುತ್ತೆ, ಕೈಕಾಲು ಎಸೆಯುತ್ತೆ, ಕಣ್ಣೂ ಅರ್ಧ ತೆರೆಯುತ್ತೆ. ಎಚ್ಚರವಾಯಿತು ಅಂತ ಎತ್ತಿಕೊಂಡರೆ ನಾವೇ ಎಬ್ಬಿಸಿದ ಹಾಗೆ. ಒಂದೆರಡು ನಿಮಿಷ ಕೈ ಹಚ್ಚದೆ ನೋಡಿ. ನಿಜವಾದ ಹಸಿವಿಗೆ ಬೇರೆ ಗುರುತಿದೆ: ತಲೆ ಆಚೀಚೆ ತಿರುಗಿಸಿ ಬಾಯಿ ತೆರೆದು ಹುಡುಕುತ್ತೆ, ಮುಷ್ಟಿ ಬಾಯಿಗೆ ಒಯ್ಯುತ್ತೆ. ಅಳು ಕೊನೆಯ ಗುರುತು. ಅಳಲು ಶುರುವಾದ ಮೇಲೆ ನಾಲಿಗೆ ಮೇಲಕ್ಕೆ ಹೋಗಿರುತ್ತೆ, ಮೊಲೆ ಹಿಡಿಯಲು ಬರುವುದಿಲ್ಲ. ಎದೆಗೊತ್ತಿ ಸಮಾಧಾನ ಮಾಡಿ ಆಮೇಲೆ ಹಿಡಿಸಿ.

ಕೆಳಗಿಟ್ಟ ಕೂಡಲೇ ಏಳುವುದಕ್ಕೆ: ತೋಳಲ್ಲಿ ನಿದ್ದೆ ಬಂದ ಮೇಲೂ 15, 20 ನಿಮಿಷ ಎತ್ತಿಕೊಂಡಿರಿ. ಕೈ ಎತ್ತಿ ಬಿಟ್ಟರೆ ದೊಪ್ಪನೆ ಬೀಳುವಷ್ಟು ಸಡಿಲವಾದಾಗ ಇಳಿಸಿ. ಕಾಲು, ಸೊಂಟ, ಬೆನ್ನು ಮೊದಲು, ತಲೆ ಕೊನೆಗೆ. ಅಂಗೈಯನ್ನು ಎದೆಯ ಮೇಲೆ ಒಂದು ನಿಮಿಷ ಇಟ್ಟು ತೆಗೆಯಿರಿ. ಬಟ್ಟೆಯಲ್ಲಿ ಸುತ್ತುವುದಾದರೆ ಕೈ ಒಳಗೆ, ಸೊಂಟ ಮತ್ತು ಕಾಲು ಕಪ್ಪೆಯಂತೆ ಮಡಚಲು ಬರುವಷ್ಟು ಸಡಿಲ. ಕಾಲು ನೇರ ಎಳೆದು ಬಿಗಿದರೆ ಸೊಂಟದ ಕೀಲು ಜಾರುವ ಅಪಾಯ. ಮಗು ಹೊರಳಲು ತೊಡಗಿದ ದಿನವೇ ಸುತ್ತುವುದು ನಿಲ್ಲಬೇಕು.

ಮಲಗಿಸುವುದು ಯಾವಾಗಲೂ ಅಂಗಾತ, ಗಟ್ಟಿ ಸಪಾಟು ಹಾಸಿಗೆಯ ಮೇಲೆ, ತಾಯಿಯ ಕೋಣೆಯಲ್ಲೇ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಬೇಡ, ಆಚೀಚೆ ಒತ್ತುದಿಂಬೂ ಬೇಡ. ಸೀರೆಯ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ, 37 ವಾರದ ಸಣ್ಣ ಮಗುವಿಗೆ ಇದು ಇನ್ನೂ ಅಪಾಯ. ತೂಗಿ ಸಮಾಧಾನ ಮಾಡಲು ಎದುರಿಗೆ ಕೂತು ಬಳಸಿ, ರಾತ್ರಿಯ ನಿದ್ದೆಗೆ ಸಪಾಟು ತಳದ ತೊಟ್ಟಿಲು. ಸೋಫಾದಲ್ಲಿ ಮಗುವಿನ ಜೊತೆ ತೂಕಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಹಗಲು ರಾತ್ರಿಯ ಅರಿವು ಹುಟ್ಟುವಾಗ ಇರುವುದಿಲ್ಲ, ಎರಡು ಮೂರು ತಿಂಗಳಿಗೆ ಬರುತ್ತೆ. ಬೆಳಿಗ್ಗೆ ಕಿಟಕಿ ತೆರೆಯಿರಿ, ಹಗಲು ಮಿಕ್ಸಿಯ ಸದ್ದಿಗೆ ಹೆದರಬೇಡಿ. ರಾತ್ರಿ ಸಣ್ಣ ಹಳದಿ ದೀಪ, ಮಾತಿಲ್ಲ, ಕಕ್ಕ ಮಾಡಿದ್ದರೆ ಮಾತ್ರ ಬಟ್ಟೆ ಬದಲಿ.

@ಧಾರವಾಡ_ಕಡೆಯವಳು

ತೂಕದ ಬಗ್ಗೆ ಒಂದು ಎಚ್ಚರಿಕಿ. ಅಂಗನವಾಡ್ಯಾಗ ತೂಗುಹಾಕೋ ಮುಳ್ಳಿನ ತಕ್ಕಡಿಗೆ 100 ಗ್ರಾಂಗ ಒಂದು ಗೀರು. ನಾಕು ದಿನದ ಏರಿಳಿತ ಅದರಾಗ ಕಾಣಂಗಿಲ್ಲ. ಒಂದೇ ಡಿಜಿಟಲ್ ತಕ್ಕಡಿ, ಕೂಸಿನ ಮೈಮ್ಯಾಲೆ ಬಟ್ಟಿ ಇರಬಾರದು, ಅದೇ ಹೊತ್ತು. ತಾಯಿ ಕಾರ್ಡಿನ್ಯಾಗ ಬರಸ್ರಿ. ಆಶಾ ಕಾರ್ಯಕರ್ತೆ 21, 28, 42ನೇ ದಿನ ಮನಿಗೆ ಬರಬೇಕು, ಬರಲಿಲ್ಲಂದ್ರ ಕರೀರಿ. ಡೈಪರ್ ಹಾಕ್ತಿದ್ರ ಉಚ್ಚಿ ಲೆಕ್ಕ ತಪ್ಪತದ. ಒಣ ಡೈಪರಿಗೆ ಮೂರು ದೊಡ್ಡ ಚಮಚ ನೀರು, ಅಂದ್ರ 45 ಮಿ.ಲೀ. ಹಾಕಿ ಕೈಯಾಗ ಹಿಡಿದು ನೋಡ್ರಿ, ಚಂದಂಗ ಒದ್ದಿ ಆದದ್ದು ಅಂದ್ರ ಅಷ್ಟು ಭಾರ. ಸದ್ಯಕ್ಕ ಬಟ್ಟಿ ಲಂಗೋಟಿನೇ ಚಲೋ.

ಬಾಣಂತಿಗೆ ನೀರು ಕುಡಿಯಾಕ ಕೊಡಬಾರದು ಅಂತ ಇನ್ನೂ ಭಾಳ ಮನ್ಯಾಗ ಅದ. ಬಾಯಾರಿದಾಗೆಲ್ಲ ಕುಡೀಲಿ, ಎರಡು ಹೊತ್ತು ಹೆಚ್ಚಿಗೆ ಉಣ್ಣಲಿ. ಸಬ್ಬಸಗಿ, ಬಳ್ಳೊಳ್ಳಿ, ಅಂಟಿನುಂಡಿ ತಿನ್ನಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಾಲು ಹೆಚ್ಚಾಗೋದು ಮೊಲಿ ಖಾಲಿ ಆದಷ್ಟು, ಉಂಡಿಯಿಂದಲ್ಲ.

@ತುಂಗಾತೀರ

23ನೇ ದಿನ. ತೂಕ 2.80. ಉಚ್ಚೆ 7, ಕಕ್ಕ 3. ಮೊದಲ ದಿನ ಹಿಂಡಿದ್ದು ಪ್ರತಿ ಸಲ 10 ಮಿ.ಲೀ. ಮಾತ್ರ, ಎರಡು ದಿನ ವೈದ್ಯರು ಹೇಳಿದಂತೆ ಡಬ್ಬಿ ಹಾಲು ಸೇರಿಸಿದೆವು. ಈಗ 35ರವರೆಗೆ ಬರುತ್ತಿದೆ. ಎಡಗಡೆ ತೊಟ್ಟು ಚಪ್ಪಟೆ, ಆ ಕಡೆ ಮಗು ಇನ್ನೂ ಜಾರುತ್ತೆ. ಸಂಜೆ ಏಳರಿಂದ ಹತ್ತರವರೆಗಿನ ಅಳು ಮಾತ್ರ ಹೋಗಿಲ್ಲ.

@ಎದೆಹಾಲು_ಸಖಿ

ಐದು ದಿನಕ್ಕೆ 140 ಗ್ರಾಂ, ದಿನಕ್ಕೆ 28. ಬಹಳ ಸಂತೋಷ, ದಾರಿ ಸರಿಯಿದೆ.

ಚಪ್ಪಟೆ ತೊಟ್ಟಿಗೆ 10 ಮಿ.ಲೀ. ಹೊಸ ಸಿರಿಂಜು, ತೊಟ್ಟು ದಪ್ಪವಿದ್ದರೆ 20ರದು. ಸೂಜಿ ಕೂರಿಸುವ ತುದಿಯನ್ನು ಬ್ಲೇಡಿನಿಂದ ಪೂರ್ತಿ ಕತ್ತರಿಸಿ. ಒಳಗಿನ ದಂಡವನ್ನು ತೆಗೆದು, ಕತ್ತರಿಸಿದ ಕಡೆಯಿಂದ ತೂರಿಸಿ. ಈಗ ಮೊಲೆಗೆ ತಾಗುವುದು ಕಾರ್ಖಾನೆಯಿಂದ ಬಂದ ನುಣುಪಾದ ಅಂಚು. ಇದನ್ನು ತಿರುವುಮುರುವು ಮಾಡಿದರೆ ಕತ್ತರಿಸಿದ ಅಂಚು ಚರ್ಮ ಗೀರುತ್ತೆ. ತೊಟ್ಟಿನ ಮೇಲಿಟ್ಟು ತಾಯಿಯೇ ಮೆಲ್ಲಗೆ ದಂಡ ಎಳೆಯಲಿ, ನೋವಾಗುವ ಮುಂಚೆ ನಿಲ್ಲಿಸಿ ಅರ್ಧದಿಂದ ಒಂದು ನಿಮಿಷ ಹಿಡಿಯಲಿ. ತೆಗೆಯುವ ಮುಂಚೆ ದಂಡ ಸ್ವಲ್ಪ ಒಳಗೆ ತಳ್ಳಬೇಕು, ಹಾಗೇ ಕಿತ್ತರೆ ನೋವು. ಕುಡಿಸುವ ಮುಂಚೆ ಪ್ರತಿ ಸಲ. ಮಗು ಹಿಡಿಯುವುದು ತೊಟ್ಟನ್ನಲ್ಲ, ಮೊಲೆಯನ್ನು ಅನ್ನುವುದು ನೆನಪಿರಲಿ.

ಹೀಗೆ ಮಾಡಿಯೂ ಇನ್ನೊಂದು ವಾರ ಜಾರುತ್ತಿದ್ದರೆ ನಾಲಿಗೆಯ ಕೆಳಗಿನ ಪೊರೆ ಬಿಗಿಯಿದೆಯೇ ಅಂತ ವೈದ್ಯರು ನೋಡಲಿ. ನಾಲಿಗೆ ಕೆಳತುಟಿ ದಾಟಿ ಬರದಿದ್ದರೆ, ಎತ್ತಿದಾಗ ತುದಿ ಸೀಳಿದಂತೆ ಕಂಡರೆ ಅನುಮಾನ. ಬಿಗಿಯಿದ್ದ ಮಾತ್ರಕ್ಕೆ ಕತ್ತರಿಸಬೇಕೆಂದಿಲ್ಲ. ಉಗುರಿನಿಂದ ಚಿವುಟಿ ಬಿಡಿಸುತ್ತೇವೆ ಅನ್ನುವವರ ಕೈಗೆ ಕೊಡಬೇಡಿ.

@ನಿದ್ದೆಗಣ್ಣು

ಸಂಜೆಯ ಅಳು ಬೇರೆ ಲೆಕ್ಕ. ತೂಕ ಏರುತ್ತಿರುವ ಮಗುವೂ ಸಂಜೆ ಅರ್ಧ ಗಂಟೆಗೊಮ್ಮೆ ಮೊಲೆ ಕೇಳುತ್ತೆ, ಅದನ್ನು ಹಾಲಿಲ್ಲ ಅಂತ ಓದಬಾರದು. ಈ ಅಳು ಎರಡು ವಾರಕ್ಕೆ ಶುರುವಾಗಿ ಆರು ವಾರಕ್ಕೆ ಅತಿ ಹೆಚ್ಚಾಗಿ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತೆ. 1954ರಲ್ಲಿ ವೆಸೆಲ್ ಎಂಬ ವೈದ್ಯ ಮತ್ತು ಸಂಗಡಿಗರು ಕೊಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಅತ್ತರೆ ಅದು ಕೊಲಿಕ್. ಹೊಟ್ಟೆಯ ವಾಯುವಿಗೆ ಅಂತ ಸಿಮೆಥಿಕೋನ್ ಹನಿ ಎಲ್ಲರೂ ಬರೆಸಿಕೊಳ್ಳುತ್ತಾರೆ, ಉಪಯೋಗ ಕಂಡಿಲ್ಲ. ಆರೂವರೆಗೆ, ಅಳು ಏರುವ ಮುಂಚೆಯೇ, ದೀಪ ತಗ್ಗಿಸಿ ಬರಿಮೈಯಲ್ಲಿ ಎದೆಗೆ ಕಟ್ಟಿಕೊಂಡು ಓಡಾಡಿ. ಆ ಹೊತ್ತು ನೆಂಟರು ಕೈಯಿಂದ ಕೈಗೆ ಮಗುವನ್ನು ಸಾಗಿಸದಿರಲಿ. ಕುಡಿದ ಮೇಲೆ 10 ನಿಮಿಷ ನೇರ ಹಿಡಿಯಿರಿ, ತೇಗು ಬಾರದಿದ್ದರೆ ಬೆನ್ನು ಗುದ್ದುತ್ತ ಕೂರಬೇಡಿ. ಒಂದೆರಡು ಚಮಚ ಹಾಲು ಕಕ್ಕಿದರೂ ತೂಕ ಏರುತ್ತಿದ್ದರೆ ಬಟ್ಟೆ ಒಗೆಯುವ ಕಷ್ಟ ಅಷ್ಟೇ. ಪಿಚಕಾರಿಯಂತೆ ದೂರ ಚಿಮ್ಮಿದರೆ ತೋರಿಸಿ.

ಅಳು ತಡೆಯಲಾಗದೆ ಕೈ ನಡುಗುವ ಹೊತ್ತು ಬಂದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಹೋಗಿ. ಮಗುವನ್ನು ಕುಲುಕಬಾರದು, ಮಿದುಳಲ್ಲಿ ರಕ್ತ ಸೋರುತ್ತೆ. ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಎರಡು ವಾರ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

@ಮಕ್ಕಳವಾರ್ಡು

ವಿಟಮಿನ್ ಡಿ ಹನಿ ಕೊಡುತ್ತಿದ್ದೀರಾ? ದಿನಕ್ಕೆ 400 ಯೂನಿಟ್. ಒಂದು ಕಂಪನಿಯದು 1 ಮಿ.ಲೀ.ಗೆ 400, ಇನ್ನೊಂದರದು ಅರ್ಧ ಮಿ.ಲೀ.ಗೇ 400. ಬಾಟಲಿ ಬದಲಾದಾಗ ಹಳೆಯ ಅಳತೆಯಲ್ಲೇ ಹಾಕಿ ದುಪ್ಪಟ್ಟು ಕೊಡುವುದು ಸಾಮಾನ್ಯ ತಪ್ಪು. ಚೀಟಿ ಓದಿ.

@ತುಂಗಾತೀರ

ಹೌದು, ನಮ್ಮದು ಅರ್ಧ ಮಿ.ಲೀ.ಯದು, ನೋಡಿಕೊಂಡೆ.

30ನೇ ದಿನ: 3.01 ಕೆ.ಜಿ. ಎಡಗಡೆಯೂ ಹಿಡಿಯುತ್ತಿದೆ. ಮೊಲೆ ಬಿಟ್ಟ ಮೇಲೆ ಕೊಡುವ ಮೇಲುಹಾಲು ಯಾವಾಗ ನಿಲ್ಲಿಸಬಹುದು? ರಾತ್ರಿ ಎಬ್ಬಿಸುವುದನ್ನು ಬಿಡಬಹುದಾ?

@ಎದೆಹಾಲು_ಸಖಿ

ಒಮ್ಮೆಲೇ ನಿಲ್ಲಿಸಬೇಡಿ. ಬೆಳಗಿನ ಹೊತ್ತು ಹಾಲು ಹೆಚ್ಚಿರುವುದರಿಂದ ಮೊದಲು ಬೆಳಗಿನ ಎರಡು ಸಲದ ಮೇಲುಹಾಲು ಬಿಡಿ, ಉಳಿದದ್ದು ಹಾಗೇ ಇರಲಿ. ಮೂರು ದಿನ ಬಿಟ್ಟು ತೂಗಿ. ದಿನಕ್ಕೆ 20 ಗ್ರಾಂಗೆ ಇಳಿಯದಿದ್ದರೆ ಮಧ್ಯಾಹ್ನದ ಎರಡು, ಕೊನೆಗೆ ಸಂಜೆಯದು. ಮೇಲುಹಾಲು ಬಿಟ್ಟ ಸಲವೂ ಒಂದು ವಾರ ಹಿಂಡುವುದನ್ನು ಮುಂದುವರಿಸಿ, ಆಮೇಲೆ ಮೆಲ್ಲಗೆ ಕಡಿಮೆಮಾಡಿ. ಒಂದೇ ದಿನ ನಿಲ್ಲಿಸಿದರೆ ಮೊಲೆ ಕಟ್ಟಿಕೊಳ್ಳುತ್ತೆ.

ರಾತ್ರಿ ಒಂದು ಸಲ ನಾಲ್ಕರಿಂದ ಐದು ಗಂಟೆಯ ನಿದ್ದೆಗೆ ಬಿಡಬಹುದು, 24 ಗಂಟೆಯಲ್ಲಿ ಒಟ್ಟು 8 ಸಲ ತಪ್ಪದಿದ್ದರೆ. ಆ ಉದ್ದ ನಿದ್ದೆ ಎಣ್ಣೆನೀರಿನ ನಂತರ ಹಗಲಲ್ಲಿ ಬೀಳದ ಹಾಗೆ ನೋಡಿಕೊಳ್ಳಿ, ಹಗಲು ಮೂರು ಗಂಟೆಗೆ ಎಬ್ಬಿಸುವುದು ಮುಂದುವರಿಯಲಿ. ಮುಂದಿನ ತೂಕ 33ನೇ ದಿನ, ಅದೇ ತಕ್ಕಡಿಯಲ್ಲಿ.